ಬಳೆಗಾರನ ಮನೆಯಲ್ಲಿ ಮಾಂತ್ರಿಕನ ಜೀವ

ಬೆಟ್ಟಗಳಿಗೆ ಕೂತು ಕೂತು ಬೇಸರವಾದರೆ ಎದ್ದು ಪಕ್ಕದ ಸೀಮೆಗೆ ಹೋಗಿ ಕೂರುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕೊಪ್ಪರಗಿರಿ ಎಂಬ ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ, ವೀರಮಲ್ಲರಾಯ. ರಾಜನಿಗೊಬ್ಬಳೇ ಮಗಳು, ಮಂದಾರವತಿ. ರಾಜ್ಯದ ಉತ್ತರಕ್ಕೊಂದು ಬೋಳುಗುಡ್ಡ, ಗುಡ್ಡದ ಗವಿಯಲ್ಲೊಬ್ಬ ಮಾಂತ್ರಿಕ, ಉಗ್ರಜಟಿ. ಇಷ್ಟೆಲ್ಲ ಇದ್ದ ಮೇಲೆ ಏನಾಗಬೇಕೋ ಅದು ಆಗಿಯೇ ಆಯಿತು.

ಒಂದು ದಿನ ಉಗ್ರಜಟಿ ಹೇಳದೆ ಕೇಳದೆ ಅರಮನೆಗೆ ಬಂದ. ಕನ್ನಡಿ ಹಜಾರದಲ್ಲಿ ರಾಜಕುಮಾರಿ ಬಳೆ ತೊಡಿಸಿಕೊಳ್ಳುತ್ತಿದ್ದಳು. ತೊಡಿಸುತ್ತಿದ್ದವಳು ಹೊನ್ನಿ, ಊರ ಬಳೆಗಾರ ಬೊಮ್ಮಣ್ಣನ ತಂಗಿ. ಹುಡುಗಿಯರಿಬ್ಬರೂ ಯಾವುದಕ್ಕೋ ನಕ್ಕರು. ಮಾಂತ್ರಿಕ ಬೆಚ್ಚಿಬಿದ್ದು ಕೈ ಎತ್ತಿದ. ಅಷ್ಟೇ. ಇಬ್ಬರೂ ಗೋಡೆಯ ದೊಡ್ಡ ಕನ್ನಡಿಯೊಳಗೆ ಹೋಗಿ ನಿಂತುಬಿಟ್ಟರು. ಮಾಂತ್ರಿಕ ಬಂದ ದಾರಿಯಲ್ಲೇ ಓಡಿಹೋದ. ಯಾಕೆ ಬಂದ, ಯಾಕೆ ಹೀಗೆ ಮಾಡಿದ, ಯಾಕೆ ಓಡಿದ, ಯಾರಿಗೂ ತಲೆಬುಡ ತಿಳಿಯಲಿಲ್ಲ.

ಕನ್ನಡಿಯೊಳಗಿದ್ದವರು ಕಾಣುತ್ತಿದ್ದರು, ಅವರ ಮಾತು ಕೇಳಿಸುತ್ತಿರಲಿಲ್ಲ. ಮರುದಿನದಿಂದ ಕನ್ನಡಿಯ ಕೆಳಗಿನ ಅಂಚಿನಿಂದ ಮಂಜು ಕಟ್ಟುತ್ತ ಮೇಲೇರತೊಡಗಿತು. ರಾಜಗುರು ಗೇಣು ಹಾಕಿ ಅಳೆದು, "ಮಂಜು ತಲೆ ಮುಚ್ಚಿತು ಅಂದ್ರೆ ಒಳಗಿರೋರು ಮತ್ತೆ ಬರೋದಿಲ್ಲ. ಮೂರು ತಿಂಗಳು ಇದೆ" ಎಂದ. ಬೊಮ್ಮಣ್ಣ ದಿನವೂ ಬಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅವನೇ ಬಾಚಿ, ಜಡೆ ಹಾಕಿ, ಗದರಿ, ಸಾಕಿದ ತಂಗಿ ಅವಳು. ಅವಳು ಒಳಗಿನಿಂದ ಗಾಜಿಗೆ ಅಂಗೈ ಒತ್ತುತ್ತಿದ್ದಳು, ಇವನು ಹೊರಗಿನಿಂದ ಒತ್ತುತ್ತಿದ್ದ. ಗಾಜು ತಣ್ಣಗಿರುತ್ತಿತ್ತು. ಮನೆಗೆ ಹೋದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮಾಂತ್ರಿಕರ ಜೀವ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿರುತ್ತದೆ ಎಂಬುದು ಆ ರಾಜ್ಯದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿತ್ತು. ಸೇನಾಪತಿ ರಣಬಾಹು ಹಡಗು ಹತ್ತಿದ. ಒಂದು ಸಮುದ್ರ ದಾಟಿದ, ಎರಡು ದಾಟಿದ, ಏಳನ್ನೂ ದಾಟಿದ. ಆರನೆಯದರಲ್ಲಿ ವಾಂತಿ ಮಾಡಿಕೊಂಡಿದ್ದನ್ನು ಬಿಟ್ಟರೆ ವಿಶೇಷವೇನೂ ನಡೆಯಲಿಲ್ಲ. ಕತ್ತಲೆ ಗುಹೆಯೊಂದರಲ್ಲಿ ತೂಗುಬಿಟ್ಟಿದ್ದ ಕಬ್ಬಿಣದ ಪಂಜರವನ್ನು ಕನ್ನಡಿ ಹಜಾರಕ್ಕೆ ಹೊತ್ತು ತಂದ. ಒಳಗೊಂದು ಗಿಳಿ. ಎದೆಯ ಮೇಲಿನ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು, ಅರ್ಧ ಹಸಿರು ಅರ್ಧ ಬೆತ್ತಲೆಯಾಗಿ, ಪಂಜರದ ಮೂಲೆಯಲ್ಲಿ ಮುದುಡಿಕೊಂಡಿತ್ತು.

ಕತ್ತು ಮುರಿಯಲು ಸೇನಾಪತಿ ಪಂಜರದೊಳಕ್ಕೆ ಕೈ ಹಾಕಿದ. ಗಿಳಿ ಕಿರುಚಿತು. ಕನ್ನಡಿಯ ಮಂಜು ಒಂದೇ ಸಲಕ್ಕೆ ನಾಲ್ಕು ಬೆರಳು ಮುಂದೆ ಬಂತು. ಒಳಗೆ ಹೊನ್ನಿ ಬಾಯಿ ತೆರೆದು ಕೂಗಿದಳು, ಕೇಳಿಸಲಿಲ್ಲ.

ಮುದಿ ಮಂತ್ರಿ ಮೆಲ್ಲಗೆ ಕೆಮ್ಮಿದ. "ಪ್ರಭು, ಇದು ಸತ್ರೆ ಅವನು ಸಾಯ್ತಾನೆ, ಸರಿ. ಅವನು ಸತ್ರೆ ಕನ್ನಡಿ ತೆರೆಯೋರು ಯಾರು?"

"ಈ ಮಾತನ್ನ ಏಳು ಸಮುದ್ರ ದಾಟೋಕೆ ಮುಂಚೆ ಹೇಳಬಾರದಿತ್ತಾ?" ಎಂದ ರಾಜ.

"ಆಗ ಹೊಳೀಲಿಲ್ಲ ಪ್ರಭು."

ಕೊಲ್ಲುವ ಹಾಗಿಲ್ಲ, ಬಿಡುವ ಹಾಗಿಲ್ಲ. ಗಿಳಿ ಬಾಯಿಗೆ ಬಿದ್ದ ಬಿಸಿತುಪ್ಪವಾಯಿತು. ಅರಮನೆಯ ಗಿಳಿ ಪಳಗಿಸುವವರನ್ನು ಕರೆಸಿದರು. ಕೊಪ್ಪರಗಿರಿಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಹೊಸ ಗಿಳಿಗೆ ಮೂರು ದಿನ ಉಪವಾಸ, ಕಿವಿಯ ಬಳಿ ತಮಟೆ. ಅದನ್ನು ತಡೆದುಕೊಂಡ ಗಿಳಿ ಮುಂದೆ ಯಾವುದಕ್ಕೂ ಹೆದರುವುದಿಲ್ಲ ಎಂದು ಅವರ ನಂಬಿಕೆ. ತಮಟೆಯ ಮೊದಲ ಪೆಟ್ಟಿಗೇ ಗಿಳಿ ಮೂರ್ಛೆ ಹೋಯಿತು, ಮಂಜು ಒಂದು ಗೇಣು ಮೇಲೇರಿತು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ರಾಜ ತಲೆಯ ಮೇಲೆ ಕೈ ಹೊತ್ತು ಕೂತ.

ಬೊಮ್ಮಣ್ಣ ಮುಂದೆ ಬಂದ. "ನಂಗೆ ಕೊಡಿ ಮಹಾಪ್ರಭು. ನಾನು ಸಾಕ್ತೀನಿ."

"ಗಿಳಿ ವಿಷಯ ನಿನಗೇನು ಗೊತ್ತಪ್ಪ?"

"ಏನೂ ಗೊತ್ತಿಲ್ಲ ಬುದ್ಧಿ. ಆದ್ರೆ ಒಳಗಿರೋಳು ನನ್ನ ತಂಗಿ. ಇದು ಹೆದರದ ಹಾಗೆ ನೋಡ್ಕೊಂಡ್ರೆ ಮಂಜಾದ್ರೂ ನಿಂತೀತು."

ಬೇರೆ ದಾರಿ ಯಾರಿಗೂ ಕಾಣಲಿಲ್ಲ. ಹೀಗೆ ಮಾಂತ್ರಿಕನ ಜೀವ ಬಳೆಗಾರನ ಮನೆಗೆ ಬಂತು.

ಬಂತು, ಬಳೆಗಾರನ ತಲೆ ಕೆಟ್ಟಿತು. ಗಿಳಿ ಅವನ ಕೆಂಪು ರುಮಾಲಿಗೆ ಹೆದರಿತು. ರುಮಾಲು ತೆಗೆದರೆ ಬೋಳುತಲೆಗೆ ಹೆದರಿತು. ಸೌಟಿಗೆ ಹೆದರಿತು, ಸೀನಿಗೆ ಹೆದರಿತು, ತನ್ನ ನೆರಳಿಗೂ ಹೆದರಿತು. ಗಾಬರಿ ಆಗುವಂಥದ್ದು ಎದುರಿಗೆ ಬಂದರೆ ಕೆಲವು ಸಲ ಸುಮ್ಮನಿರುತ್ತಿತ್ತು, ಏನೂ ಇಲ್ಲದ ಬರಿಗೋಡೆ ನೋಡಿ ಕಿರುಚುತ್ತಿತ್ತು. ಸೋಮವಾರ ಹಸಿಮೆಣಸಿನಕಾಯಿ ಇಟ್ಟ, ತಿಂದಿತು. ಮಂಗಳವಾರ ಅದೇ ಗಿಡದ ಮೆಣಸಿನಕಾಯಿ ಇಟ್ಟ, ಅದನ್ನು ನೋಡಿ ಕೋಲಿನಿಂದ ಕೆಳಗೆ ಬಿತ್ತು. ರಂಜಿಸೋಣವೆಂದು ಬಳೆ ಗಲಗಲ ಮಾಡಿದ, ನೀರಿನ ಬಟ್ಟಲೊಳಗೆ ಅವಿತಿತು. ಅವನು ಗೋಡೆಗೊರಗಿ ಕೂತು, "ನಿಂಗೆ ಏನು ಬೇಕು ಅಂತ ನಿಂಗಾದ್ರೂ ಗೊತ್ತಾ?" ಎಂದು ಕೇಳಿದ. ಗಿಳಿ ಒಂದು ಕಣ್ಣಿನಿಂದ ನೋಡಿತು. ಅದಕ್ಕೂ ಗೊತ್ತಿದ್ದಂತೆ ಕಾಣಲಿಲ್ಲ.

ಉಪ್ಪು ಮಾರುವ ಕಾಳವ್ವ ವಾರಕ್ಕೊಮ್ಮೆ ಬೋಳುಗುಡ್ಡದ ದಾರಿಯಲ್ಲಿ ಹೋಗಿ ಬರುತ್ತಿದ್ದಳು. ಅವಳು ಹೊಸಿಲ ಬಳಿ ಬುಟ್ಟಿ ಇಳಿಸಿ ಸುದ್ದಿ ಹೇಳಿದಳು.

"ಆ ಮಾಂತ್ರಿಕನಿಗೆ ಏನಾಗೈತೋ ಬೊಮ್ಮಣ್ಣ. ಹೋದ ಸೋಮವಾರ ಗವಿ ಬಾಗಿಲಲ್ಲಿ ಕೂತು ಬಾಯಿ ಚಪ್ಪರಿಸ್ತಾ ಇದ್ದ. ಮಂಗಳವಾರ ವಾಪಸ್ ಬರ್ತಾ ನೋಡಿದ್ರೆ ಬಂಡೆ ಮೇಲಿಂದ ದೊಪ್ಪಂತ ಬಿದ್ದು, ನೀರಿನ ಹಂಡೆ ಒಳಗೆ ತಲೆ ಹಾಕ್ಕೊಂಡಿದ್ದ."

ಬೊಮ್ಮಣ್ಣ ಬಾಯಿ ಬಿಟ್ಟುಕೊಂಡು ಗಿಳಿಯನ್ನು ನೋಡಿದ. "ಕಾಳಕ್ಕ, ಇದು ಹೆದರಿದ್ದಕ್ಕೆ ಅವನು ಹೆದರಿದ್ನಾ, ಅವನು ಹೆದರಿದ್ದಕ್ಕೆ ಇದು ಹೆದರ್ತಾ?"

"ನನ್ನ ಕೇಳಿದ್ರೆ? ನಾನು ಉಪ್ಪು ಮಾರೋಳು."

ಅವನು ದಿನವಿಡೀ ಯೋಚಿಸಿದ, ತುದಿ ಸಿಗಲಿಲ್ಲ. ಒಂದು ಮಾತು ಮಾತ್ರ ಗೊತ್ತಾಯಿತು: ಇವೆರಡರಲ್ಲಿ ತನ್ನ ಕೈಗೆ ಸಿಗುವುದು ಗಿಳಿ. ಇನ್ನೊಂದು ಮಾತು ಅವನನ್ನು ಬೇಡವೆಂದರೂ ಕಾಡಿತು. ತಂಗಿಯನ್ನು ಸೆರೆ ಹಾಕಿದವನ ಜೀವಕ್ಕೆ ತಾನು ಸೀಬೆಹಣ್ಣು ಹೆಚ್ಚಿಡುತ್ತಿದ್ದೇನೆ. ಸಿಟ್ಟು ಬರಬೇಕಿತ್ತು. ಕಿತ್ತುಹೋದ ಪುಕ್ಕ ನೋಡಿದರೆ ಬರುತ್ತಿರಲಿಲ್ಲ. ಬಾರದ್ದಕ್ಕೆ ತನ್ನ ಮೇಲೇ ಬರುತ್ತಿತ್ತು.

ಬಳೆಗಾರನಿಗೆ ಗಿಳಿ ತಿಳಿಯದು, ಕೈ ತಿಳಿಯುತ್ತದೆ. ಹೊಸ ಮದುಮಗಳ ಕೈ ಹಿಡಿದಾಗ ಅದು ಮುಷ್ಟಿ ಕಟ್ಟುತ್ತದೆ. ಆಗ ಬಳೆಯನ್ನು ಒತ್ತಿದರೆ ಒಡೆಯುತ್ತದೆ, ಗಾಜು ಚುಚ್ಚುತ್ತದೆ. ಹಿಂದಕ್ಕೆಳೆದರೆ ಇನ್ನೊಮ್ಮೆ ಹಾಕುವಾಗ ಕೈ ಇನ್ನಷ್ಟು ಬಿಗಿಯುತ್ತದೆ. ಬಿಗಿದಲ್ಲೇ ಬಳೆ ನಿಲ್ಲಿಸಬೇಕು. ಒತ್ತಬಾರದು, ಎಳೆಯಬಾರದು, ಬೇರೆ ಕಡೆ ನೋಡಬೇಕು. ಎಲ್ಲ ಕೈಗಳೂ ಒಂದಲ್ಲ ಒಂದು ಗಳಿಗೆಯಲ್ಲಿ ಉಸಿರು ಬಿಡುತ್ತವೆ. ಆಗ ಬಳೆ ಒಂದು ಗೆಣ್ಣು ದಾಟುತ್ತದೆ. ಇದನ್ನು ಅವನಿಗೆ ಅಪ್ಪ ಕಲಿಸಿದ್ದ, ಹೊನ್ನಿಗೆ ಅವನು ಕಲಿಸಿದ್ದ.

ಮರುದಿನ ಅವನು ಪಂಜರದ ಬಾಗಿಲು ತೆಗೆದು ಕೈಯನ್ನು ನೆಲದ ಮೇಲೆ ಮೆಲ್ಲಗೆ ಸರಿಸಿದ. ಒಂದು ಗೇಣು ದೂರವಿರುವಾಗಲೇ ಗಿಳಿ ಮೈ ಬಿಗಿಯಿತು. ಕೈ ಅಲ್ಲೇ ನಿಲ್ಲಿಸಿ ಸೂರು ನೋಡುತ್ತ ಕೂತ. ಬಹಳ ಹೊತ್ತಿನ ಮೇಲೆ ಗಿಳಿ ಮೈಯ ಪುಕ್ಕ ಉಬ್ಬಿಸಿ, ಕೊಡವಿ, ಉಸಿರು ಬಿಟ್ಟಿತು. ಕೈ ಒಂದು ಬೆರಳು ಮುಂದೆ ಹೋಯಿತು. ಆ ದಿನದ ಕೆಲಸ ಅಷ್ಟೇ. ಮೂರು ದಿನ ಮುಂದೆ ಹೋದರೆ ನಾಲ್ಕನೇ ದಿನ ಕಾರಣವಿಲ್ಲದೆ ಎಲ್ಲ ಹಿಂದೆ ಹೋಗುತ್ತಿತ್ತು. ಯಾಕೆಂದು ಕೇಳುವುದನ್ನು ಅವನು ಬಿಟ್ಟ. ಹದಿನೆಂಟನೆಯ ದಿನ ಗಿಳಿ ಅವನ ಬೆರಳ ಮೇಲೆ ಒಂದು ಕಾಲಿಟ್ಟಿತು. ಅವನಿಗೆ ಅಳು ಬಂತು. ಅತ್ತರೆ ಹೆದರೀತೆಂದು ನುಂಗಿಕೊಂಡ.

ಅದೇ ವಾರ ಮಾಂತ್ರಿಕನ ಬೆಕ್ಕು ಬಂತು. ತನ್ನ ಜೀವ ಪರರ ಮನೆಯಲ್ಲಿದೆಯೆಂದು ತಿಳಿದ ಉಗ್ರಜಟಿ ಅದನ್ನು ಕದ್ದು ತರಲು ಕಳಿಸಿದ್ದ. ನಡುಹಗಲು, ಎಮ್ಮೆಯಷ್ಟು ದೊಡ್ಡ ಬೆಕ್ಕು, ಮೀಸೆಯಲ್ಲಿ ಬೆಂಕಿ. ಬಾಗಿಲಲ್ಲಿ ನಿಂತು, "ಗಿಳಿ ಕೊಡು" ಎಂದಿತು. ಗಿಳಿ ಪ್ರಾಣ ಹೋಗುವಂತೆ ಕಿರುಚಿತು. ಕಿರುಚಿದ್ದೇ ತಡ, ಬೋಳುಗುಡ್ಡದಲ್ಲಿ ಮಾಂತ್ರಿಕನ ಎದೆ ಒಡೆದಂತಾಗಿ ಮಂತ್ರ ತಪ್ಪಿತು, ಬೆಕ್ಕು ಒಂದು ಹಿಡಿ ಬೂದಿಯಾಗಿ ಹೊಸಿಲ ಮೇಲೆ ಉದುರಿತು. ಬೊಮ್ಮಣ್ಣ ನಗಬೇಕೆಂದುಕೊಂಡ. ಅಷ್ಟರಲ್ಲಿ ಅರಮನೆಯಿಂದ ಆಳು ಓಡಿ ಬಂದ. ಮಂಜು ಎರಡು ಗೇಣು ನುಗ್ಗಿತ್ತು. ಹೊನ್ನಿಯ ಕಾಲುಗಳು ಈಗ ಕಾಣುತ್ತಿರಲಿಲ್ಲ.

ಬೊಮ್ಮಣ್ಣ ಕಕ್ಕಾಬಿಕ್ಕಿಯಾದ. ಗಿಳಿ ಹೆದರಿದರೆ ಮಾಂತ್ರಿಕನ ಮೃಗ ಸಾಯುತ್ತದೆ, ತಂಗಿಯೂ ಹೋಗುತ್ತಾಳೆ. ಹೆದರದಿದ್ದರೆ ತಂಗಿ ಉಳಿಯುತ್ತಾಳೆ, ಮೃಗ ಗಿಳಿಯನ್ನು ಹೊತ್ತೊಯ್ಯುತ್ತದೆ. ಎತ್ತ ತಿರುಗಿದರೂ ಗೋಡೆ. ಕೊನೆಗೆ ತಾನು ತಿಳಿದದ್ದನ್ನೇ ಮಾಡಿದ, ನೆಲದ ಮೇಲೆ ಕೈಯಿಟ್ಟು ಕೂತ. ಮೊದಲನೇ ದಿನದಿಂದ ಮತ್ತೆ ಶುರು.

ಒಂದು ತಿಂಗಳಿಗೆ ಗಿಳಿ ಹೆಗಲ ಮೇಲೆ ಕೂರುವಷ್ಟಾಯಿತು. ಇನ್ನು ಬಯಲು. ಕತ್ತಲೆ ಗುಹೆಯಲ್ಲಿ ಬೆಳೆದ ಗಿಳಿಗೆ ಆಕಾಶವೆಂದರೆ ಏನೆಂದೇ ಗೊತ್ತಿರಲಿಲ್ಲ. ದಿನಕ್ಕೊಂದು ಹೆಜ್ಜೆಯಂತೆ ಅಂಗಳಕ್ಕೆ ಕರೆತಂದ. ಅಂಗಳದ ನಡುವೆ ನಿಂತ ದಿನವೇ ತಾಮ್ರದ ಗಿಡುಗ ಬಂತು. ರೆಕ್ಕೆ ಬಡಿದರೆ ಊರಿನ ಪಾತ್ರೆಗಳೆಲ್ಲ ಝಣಝಣಿಸಿದವು. "ಗಿಳಿ ಕೊಡು" ಎಂದಿತು. ಗಿಳಿಯ ಉಗುರು ಬೊಮ್ಮಣ್ಣನ ಹೆಗಲಿಗೆ ನಾಟಿತು. ಓಡಬೇಕೆಂದು ಅವನ ಕಾಲು ತುಡಿಯಿತು. ಓಡಲಿಲ್ಲ, ಗಿಡುಗನ ಮೇಲೆ ಕಲ್ಲೂ ಬೀರಲಿಲ್ಲ. ನಿಂತಲ್ಲೇ ನಿಂತು ಬೇರೆ ಕಡೆ ನೋಡಿದ. ಗಿಳಿ ನಡುಗಿತು, ನಡುಗಿತು, ಆಮೇಲೆ ಪುಕ್ಕ ಕೊಡವಿ ಉಸಿರು ಬಿಟ್ಟಿತು.

ಗಿಡುಗ ಗಾಳಿಯಲ್ಲೇ ಅನುಮಾನಿಸಿತು. ಎರಡು ಸುತ್ತು ಹಾಕಿ, ಸೂರಿನ ಮೇಲೆ ಕೂತು, ರೆಕ್ಕೆ ಸರಿಮಾಡಿಕೊಂಡು, ತಾನು ಬಂದದ್ದು ಯಾಕೆಂದು ಮರೆತಂತೆ ಹಾರಿಹೋಯಿತು. ಮಂಜು ಒಂದೇ ಬೆರಳು ಮೇಲೇರಿತ್ತು. ಮಾಂತ್ರಿಕ ಗವಿಯಲ್ಲಿ ಗೊರಕೆ ಹೊಡೆಯುತ್ತಿದ್ದನೆಂದು ಕಾಳವ್ವ ಆಮೇಲೆ ಹೇಳಿದಳು. ಬೊಮ್ಮಣ್ಣನಿಗೆ ಸ್ವಲ್ಪ ಅರ್ಥವಾದಂತಾಯಿತು, ಪೂರ್ತಿ ಆಗಲಿಲ್ಲ.

ಮೂರು ತಿಂಗಳಿಗೆ ಎರಡು ದಿನ ಬಾಕಿ. ಮಂಜು ಹುಡುಗಿಯರ ಕತ್ತಿನವರೆಗೆ ಬಂದಿತ್ತು. ರಾಜ ಬೊಮ್ಮಣ್ಣನನ್ನು ಗಿಳಿಯೊಡನೆ ಕನ್ನಡಿ ಹಜಾರಕ್ಕೆ ಕರೆಸಿದ. ಅಂದೇ ಮಧ್ಯಾಹ್ನ ಉಗ್ರಜಟಿ ತಾನಾಗಿ ಅರಮನೆಗೆ ನಡೆದು ಬಂದ.

ಮಾಂತ್ರಿಕನೆಂದರೆ ರಾಕ್ಷಸನಂಥವನು ಎಂದು ಎಲ್ಲರೂ ಎಣಿಸಿದ್ದರು. ಬಂದವನು ಒಬ್ಬ ಬಡಕಲು ಮುದುಕ. ಗಡ್ಡವನ್ನು ಅಲ್ಲಲ್ಲಿ ತಾನೇ ಕಿತ್ತುಕೊಂಡಿದ್ದ. ಕೈ ಎಲೆಯಂತೆ ನಡುಗುತ್ತಿತ್ತು. ಕಂಬದ ಹಿಂದೆ ಸೇನಾಪತಿ ಕತ್ತಿ ಹಿರಿದು ನಿಂತಿದ್ದ.

"ನನ್ನ ಗಿಳಿ ಕೊಡಪ್ಪ" ಎಂದ ಮಾಂತ್ರಿಕ.

"ಕನ್ನಡಿ ತೆರಿ. ಇಲ್ದಿದ್ರೆ ಅದರ ಕತ್ತು ಮುರಿಸ್ತೀನಿ" ಎಂದ ರಾಜ.

"ತೆರೆಯೋಕೆ ಆಗಲ್ಲ ದೊರೆ. ಗವಿಯಲ್ಲಿ ಕೂತು ನೂರು ಸಲ ನೋಡಿದೆ. ಕೈ ನಿಲ್ಲಲ್ಲ. ನಡುಗೋ ಕೈಯಲ್ಲಿ ಬಿಡಿಸಿದ್ರೆ ಕನ್ನಡಿ ಚೂರಾಗುತ್ತೆ, ಮಕ್ಕಳೂ ಚೂರಾಗ್ತಾರೆ."

"ಮತ್ತೆ ಯಾಕೆ ಹಾಕಿದೆ ನನ್ನ ತಂಗೀನ?" ಬೊಮ್ಮಣ್ಣನ ದನಿ ಏರಿತು. ಹೆಗಲ ಮೇಲಿನ ಗಿಳಿ ಬಿಗಿಯಿತು, ಎದುರಿಗೆ ಮಾಂತ್ರಿಕನ ಮೈಯೂ ಬಿಗಿಯಿತು.

ಮುದುಕ ನೆಲ ನೋಡುತ್ತ ಹೇಳಿದ. "ಸಾವಿಗೆ ಹೆದರಿ ಜೀವಾನ ಗಿಳಿಯೊಳಗೆ ಬಚ್ಚಿಟ್ಟೆ. ಗಿಳಿಗೆ ಯಾರಾದ್ರೂ ಏನಾದ್ರೂ ಮಾಡ್ಯಾರು ಅಂತ ಹೆದರಿ ಕತ್ತಲಲ್ಲಿಟ್ಟೆ. ಕತ್ತಲಲ್ಲಿ ಅದು ಹೆದರ್ತು, ಅದಕ್ಕೆ ನಾನು ಇನ್ನಷ್ಟು ಹೆದರಿದೆ. ಆವತ್ತು ಮನುಷ್ಯರ ಮುಖ ನೋಡಬೇಕು ಅನ್ನಿಸಿ ಇಲ್ಲಿಗೆ ಬಂದೆ. ಹುಡುಗಿಯರು ನಕ್ಕರು. ನನ್ನ ನೋಡಿ ನಕ್ಕರು ಅಂತ ಗಾಬರಿಯಾಯ್ತು. ಕೈ ಎತ್ತಿಬಿಟ್ಟೆ."

ಬೊಮ್ಮಣ್ಣನಿಗೆ ಸಿಟ್ಟೇರಿತು. ಇಷ್ಟಕ್ಕೇ? ಇವನ ಗಾಬರಿಗೆ ತನ್ನ ತಂಗಿ ಮೂರು ತಿಂಗಳು ಗಾಜಿನೊಳಗೆ ನಿಲ್ಲಬೇಕಾಯಿತೇ? ಇವನನ್ನು ಹೊಡೆಯಬೇಕೋ, ಕೂರಿಸಿ ನೀರು ಕೊಡಬೇಕೋ ಅವನಿಗೆ ತಿಳಿಯಲಿಲ್ಲ. ಆದರೆ ಕೈ ಬಿಗಿದಿದೆ, ಬಳೆ ಇನ್ನೂ ದಾಟಬೇಕು. ಅಷ್ಟು ತಿಳಿಯಿತು.

"ಕೂತ್ಕೋ ಸ್ವಾಮಿ" ಎಂದ. ಇಬ್ಬರೂ ಕನ್ನಡಿಯ ಮುಂದೆ ಎದುರುಬದುರು ಕೂತರು. ಬೊಮ್ಮಣ್ಣ ಬಳೆ ತೊಡಿಸುವವನಂತೆ ಮುದುಕನ ಕೈಯನ್ನು ತನ್ನ ಅಂಗೈ ಮೇಲೆ ಇರಿಸಿಕೊಂಡ. ಗಿಳಿ ಹೆಗಲಿಂದ ತೋಳಿಗೆ ಇಳಿಯಿತು. ಮೊಣಕೈವರೆಗೆ ಬಂದು ಗಕ್ಕನೆ ನಿಂತಿತು. ಅದರ ಕಣ್ಣು ಕಂಬದ ಕಡೆ ಇತ್ತು.

"ಮಹಾಪ್ರಭು, ಸೇನಾಪತಿಗಳು ಕತ್ತಿ ಒರೆಗೆ ಹಾಕಲಿ."

"ಹಾಕಿದ ಮೇಲೆ ಅವನು ಮತ್ತೆ ಕೈ ಎತ್ತಿದ್ರೆ?"

"ನಂಗೂ ಅದೇ ಭಯ ಬುದ್ಧಿ. ಆದ್ರೂ ಹಾಕಲಿ."

ರಾಜ ಮಗಳ ಮುಖ ನೋಡಿದ. ಮಂಜು ಗಲ್ಲ ಮುಟ್ಟುತ್ತಿತ್ತು. ಸನ್ನೆ ಮಾಡಿದ, ಕತ್ತಿ ಒರೆಗೆ ಸೇರಿತು. ಮಂಜು ಹುಡುಗಿಯರ ಬಾಯಿಯವರೆಗೆ ಬಂತು. ಒತ್ತಿಬಿಡಲೇ ಎಂದು ಬೊಮ್ಮಣ್ಣನಿಗೆ ಮೈಯೆಲ್ಲ ತವಕ. ಒತ್ತಲಿಲ್ಲ, ಎಳೆಯಲಿಲ್ಲ. ತಂಗಿಯ ಮುಖ ಮಸುಕಾಗುತ್ತಿರುವಾಗ ಬೇರೆ ಕಡೆ ನೋಡುವುದು ಅವನು ಬದುಕಿನಲ್ಲಿ ಮಾಡಿದ ಅತಿ ಕಷ್ಟದ ಕೆಲಸ.

ಗಿಳಿ ಪುಕ್ಕ ಉಬ್ಬಿಸಿತು, ಕೊಡವಿತು, ಉಸಿರು ಬಿಟ್ಟಿತು. ಒಂದೊಂದೇ ಹೆಜ್ಜೆ ಇಟ್ಟು ಮುದುಕನ ಮುಂಗೈ ಏರಿ ಕೂತಿತು. ಜೀವ ತನ್ನ ಮನೆ ಗುರುತು ಹಿಡಿದು ಮೈಯೊಳಕ್ಕೆ ಮರಳಿತು, ಗಿಳಿ ಬರೀ ಗಿಳಿಯಾಗಿ ಉಳಿಯಿತು. ಉಗ್ರಜಟಿಯ ಕೈ ನಿಂತಿತು. ನಿಂತ ಕೈಯಿಂದ ಅವನು ಕನ್ನಡಿಯ ಮಂಜನ್ನು ಒಂದು ಸಲ ಒರೆಸಿದ. ರಾಜಕುಮಾರಿ ಹೊರಗೆ ಬಂದು ಅಪ್ಪನ ಕೊರಳಿಗೆ ಬಿದ್ದಳು. ಹಿಂದೆಯೇ ಹೊನ್ನಿ ಬಂದಳು. ಇದ್ದಬದ್ದ ಮಂತ್ರವೆಲ್ಲ ಆ ಒಂದು ಸಲ ಒರೆಸಿದ್ದಕ್ಕೇ ತೀರಿಹೋಗಿ, ಉಗ್ರಜಟಿ ಎಲ್ಲರಂತೆ ಒಂದು ದಿನ ಸಾಯಬೇಕಾದ ಮುದುಕನಾಗಿ ಉಳಿದ. ರಾಜ ಅವನಿಗೆ ಅರಮನೆಯ ಕನ್ನಡಿಗಳನ್ನೆಲ್ಲ ದಿನವೂ ಒರೆಸುವ ಶಿಕ್ಷೆ ಕೊಟ್ಟ. ಮನುಷ್ಯರ ಮುಖ ನೋಡುತ್ತ ಬದುಕಬಹುದಲ್ಲ ಎಂದು ಅವನಿಗೆ ಒಳಗೊಳಗೇ ಸಂತೋಷವಾಯಿತು.

ಇನ್ನೇನು, ಹೊನ್ನಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ಬೊಮ್ಮಣ್ಣ ತೋಳು ಚಾಚಿದ. ಮೂರು ತಿಂಗಳು ಅವನು ಈ ಗಳಿಗೆಯನ್ನೇ ಕನಸು ಕಂಡಿದ್ದ. ಅವಳು ಬರಲಿಲ್ಲ. ಆರತಿ ಹಿಡಿದು ಬಂದ ಹೆಂಗಸರನ್ನು ಕಂಡು ಬೆಚ್ಚಿ, ಗೋಡೆಗೆ ಬೆನ್ನು ಹಚ್ಚಿ, ಕುಸಿದು ಕೂತಳು. ಇವನು ಹತ್ತಿರ ಹೋದರೆ ಕೈ ಎದೆಗೆ ಎಳೆದುಕೊಂಡಳು. ಅಣ್ಣನ ಗುರುತೇ ಸಿಗದವಳಂತೆ ನೋಡಿದಳು. ತಂಗಿ ಬಂದಳೋ, ಇನ್ನೂ ಒಳಗೇ ಇದ್ದಾಳೋ ಅವನಿಗೆ ಗೊತ್ತಾಗಲಿಲ್ಲ.

"ಯಾರೂ ಹತ್ರ ಬರಬೇಡಿ ತಾಯಂದಿರಾ" ಎಂದು ಎಲ್ಲರನ್ನೂ ದೂರ ಕಳಿಸಿದ. ಎರಡು ಮೊಳ ಆಚೆ ಕೂತು ಅಂಗೈಯನ್ನು ನೆಲದ ಮೇಲೆ ಇಟ್ಟು ಸೂರು ನೋಡಿದ. ಗದ್ದಲಕ್ಕೆ ಹೆದರಿದ ಗಿಳಿ ಹಾರಿ ಬಂದು ಅವನ ಮಡಿಲು ಸೇರಿತು. ಹಜಾರದ ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಯಿತು. ಅರಮನೆಯಲ್ಲಿ ಹಬ್ಬದೂಟಕ್ಕೆ ಎಲೆ ಹಾಕಿದರು, ಉಂಡರು, ಎಲೆ ಎತ್ತಿದರು. ಅವನು ಏಳಲಿಲ್ಲ. ಆಗೊಮ್ಮೆ ಈಗೊಮ್ಮೆ ಕೈ ಒಂದು ಬೆರಳು ಮುಂದೆ ಹೋಯಿತು.

ಸಂಜೆಯ ಹೊತ್ತಿಗೆ ಹೊನ್ನಿ ದೊಡ್ಡದೊಂದು ಉಸಿರು ಬಿಟ್ಟಳು. ತಣ್ಣಗಿನ ಬೆರಳೊಂದು ಅವನ ಅಂಗೈ ಮುಟ್ಟಿತು, ಆಮೇಲೆ ಇಡೀ ಕೈ. ನಡುವೆ ಗಾಜಿರಲಿಲ್ಲ.

"ಅಣ್ಣಾ" ಎಂದಳು. ಅವನ ಮಡಿಲು ನೋಡಿ, "ಇದು ಯಾರ ಗಿಳಿ?" ಎಂದಳು.

"ನಂಗೂ ಸರಿಯಾಗಿ ಗೊತ್ತಿಲ್ಲ ಕಣವ್ವ" ಎಂದ ಬೊಮ್ಮಣ್ಣ. ಈ ಸಲ ಅಳುವನ್ನು ನುಂಗಿಕೊಳ್ಳಲಿಲ್ಲ.

ಅಣ್ಣ ತಂಗಿ ಗಿಳಿಯೊಡನೆ ಮನೆಗೆ ಹೋದರು. ಹೆದರಿಕೆ ಬಂದ ದಿನ ಒಬ್ಬರಿಗಾಗಿ ಇನ್ನಿಬ್ಬರು ಕಾದರು, ಬಾರದ ದಿನ ಮೂವರೂ ನೆಮ್ಮದಿಯಿಂದ ಉಂಡರು. ಕೊಪ್ಪರಗಿರಿಗೆ ಆ ಮೇಲೆ ಕೇಡು ಮುಟ್ಟಲಿಲ್ಲ. ಅವರ ಸುಖ ಅವರಿಗೆ ದಕ್ಕಿತು, ಕೇಳಿದ ನಮಗೂ ಅದರಲ್ಲೊಂದು ತುತ್ತು ಸಿಗಲಿ.